ಗ್ರಂಜ್ ಕಛೇರಿ: ವೇದಿಕೆಗೂ ಜನಕ್ಕೂ ನಡುವೆ



ಗ್ರಂಜ್ ಎಂದರೆ ಕೊಳೆ, ಜಿಡ್ಡು. ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ರೂಪುಗೊಂಡ ರಾಕ್ ಸಂಗೀತಕ್ಕೆ ಈ ಹೆಸರು ಅಂಟಿಕೊಂಡಿತು. ಪಂಕ್ ಸಂಗೀತದ ಒರಟುತನ, ಹೆವಿ ಮೆಟಲ್‌ನ ಭಾರ ಎರಡೂ ಅದರಲ್ಲಿ ಬೆರೆತಿದ್ದವು. ಸೌಂಡ್‌ಗಾರ್ಡನ್, ನಿರ್ವಾಣ, ಆಲಿಸ್ ಇನ್ ಚೈನ್ಸ್, ಪರ್ಲ್ ಜಾಮ್ ಇದರ ಮುಖ್ಯ ತಂಡಗಳು. ಈ ತಂಡಗಳ ಅಭಿಮಾನಿಗಳನ್ನು ಮಾತಿಗೆಳೆದರೆ ಧ್ವನಿಮುದ್ರಿಕೆಗಳ ಜೊತೆಗೆ ಕಛೇರಿಗಳ ಮಾತೂ ಬಂದೇ ಬರುತ್ತದೆ. ಅದಕ್ಕೆ ಕಾರಣವಿದೆ.

ಈ ಸಂಗೀತ ಬೆಳೆದದ್ದು ಸಣ್ಣ ಕ್ಲಬ್ಬುಗಳಲ್ಲಿ. ಹಾಡುವವರದೂ ಕೇಳುವವರದೂ ಒಂದೇ ಬಗೆಯ ಮಾಸಿದ ಅಂಗಿ, ಹರಿದ ಜೀನ್ಸ್. ಹಾಡುಗಾರ ಜನರ ಮೇಲೆ ಜಿಗಿಯುತ್ತಿದ್ದ. ಜನ ಅವನನ್ನು ಕೈಗಳ ಮೇಲೆ ಹೊತ್ತು ಮರಳಿ ವೇದಿಕೆಗೆ ದಾಟಿಸುತ್ತಿದ್ದರು. ಆ ಸಲುಗೆಯೇ ಕಛೇರಿಯ ಜೀವ.

ನಿರ್ವಾಣ ತಂಡ ತನ್ನ ಅತಿ ಪ್ರಸಿದ್ಧ ಹಾಡು 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಅನ್ನು ಮೊದಲು ಹಾಡಿದ್ದು 1991ರ ಏಪ್ರಿಲ್‌ನಲ್ಲಿ, ಸಿಯಾಟಲ್‌ನ ಓಕೆ ಹೋಟೆಲ್ ಎಂಬ ಸಣ್ಣ ಜಾಗದಲ್ಲಿ. ಸೆಪ್ಟೆಂಬರ್‌ನಲ್ಲಿ 'ನೆವರ್‌ಮೈಂಡ್' ಹೊರಬಂತು. 1992ರ ಜನವರಿಯಲ್ಲಿ ಅದು ಮೈಕೇಲ್ ಜಾಕ್ಸನ್‌ನ 'ಡೇಂಜರಸ್' ಅನ್ನು ಕೆಳಗಿಳಿಸಿ ಅಮೆರಿಕದ ಮಾರಾಟದ ಪಟ್ಟಿಯ ನೆತ್ತಿಗೇರಿತು. ನೂರಾರು ಜನರಿದ್ದ ಕಡೆ ಹತ್ತಾರು ಸಾವಿರ ಜನ ನೆರೆಯತೊಡಗಿದರು. ಹಳೆಯ ಸಲುಗೆಯನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಆಗ ಎದ್ದಿತು.

ನಿರ್ವಾಣದ ಕರ್ಟ್ ಕೊಬೇನ್ ಒಮ್ಮೆ ನಗೆಯಿಂದ, ಇನ್ನೊಮ್ಮೆ ಮೆಲುದನಿಯಿಂದ ಉತ್ತರಿಸಿದ. ಅವನ ಆರೋಗ್ಯ ಕೆಟ್ಟಿದೆ ಎಂಬ ಗುಲ್ಲು ಹಬ್ಬಿದ್ದಾಗ, 1992ರ ಆಗಸ್ಟ್ 30ರಂದು ಇಂಗ್ಲೆಂಡಿನ ರೀಡಿಂಗ್ ಉತ್ಸವಕ್ಕೆ ಆಸ್ಪತ್ರೆಯ ನಿಲುವಂಗಿ ತೊಟ್ಟು ಗಾಲಿಕುರ್ಚಿಯಲ್ಲಿ ಬಂದ. ನೆಲಕ್ಕೆ ಬಿದ್ದಂತೆ ನಟಿಸಿ, ಎದ್ದು ಗಿಟಾರ್ ಹಿಡಿದ. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ನಡೆದ 'ಅನ್‌ಪ್ಲಗ್ಡ್' ಕಛೇರಿಯ ರೀತಿಯೇ ಬೇರೆ. ಲಿಲ್ಲಿ ಹೂ, ಮೇಣದಬತ್ತಿಗಳ ನಡುವೆ ಹಾಡಿದ ಹದಿನಾಲ್ಕರಲ್ಲಿ ಆರು ಬೇರೆಯವರ ಹಾಡುಗಳು. ಜನಪ್ರಿಯವಾದ 'ಟೀನ್ ಸ್ಪಿರಿಟ್' ಅಲ್ಲಿರಲೇ ಇಲ್ಲ. ಐದು ತಿಂಗಳೊಳಗೆ ಕೊಬೇನ್ ತೀರಿಕೊಂಡ.

ಪರ್ಲ್ ಜಾಮ್‌ನ ಎಡ್ಡಿ ವೆಡ್ಡರ್‌ನದು ಹಳೆಯ ದಾರಿ. 1992ರ ಜೂನ್‌ನಲ್ಲಿ ನೆದರ್‌ಲೆಂಡ್ಸ್‌ನ ಪಿಂಕ್‌ಪಾಪ್ ಉತ್ಸವದಲ್ಲಿ ಟಿವಿ ಕ್ಯಾಮೆರಾದ ಕ್ರೇನ್ ಏರಿ ಜನರ ಮೇಲೆ ಜಿಗಿದ. ಜನ ಹಿಡಿದುಕೊಂಡರು. ಟಿಕೆಟ್ ದರ ಅಭಿಮಾನಿಗಳ ಕೈಗೆಟುಕುವಂತಿರಬೇಕೆಂದು ತಂಡ 1994ರಲ್ಲಿ ಟಿಕೆಟ್‌ಮಾಸ್ಟರ್ ಕಂಪೆನಿಯ ವಿರುದ್ಧ ಅಮೆರಿಕದ ನ್ಯಾಯ ಇಲಾಖೆಗೆ ದೂರನ್ನೂ ಕೊಟ್ಟಿತು. ಆದರೆ ಮರುವರ್ಷ ಇಲಾಖೆ ತನಿಖೆಯನ್ನು ಕೈಬಿಟ್ಟಿತು.

2000ದ ಜೂನ್ 30ರಂದು ಡೆನ್ಮಾರ್ಕಿನ ರಾಸ್ಕಿಲ್ಡ್ ಉತ್ಸವದಲ್ಲಿ ಅದೇ ತಂಡ ಹಾಡುತ್ತಿದ್ದಾಗ ಮುಂದಿನ ಸಾಲುಗಳಲ್ಲಿ ನೂಕುನುಗ್ಗಲಾಯಿತು. ಬಿದ್ದವರ ಮೇಲೆ ಬೇರೆಯವರು ಬಿದ್ದರು. ವೆಡ್ಡರ್ ಹಾಡು ನಿಲ್ಲಿಸಿ ಜನರನ್ನು ಹಿಂದೆ ಸರಿಯಿರೆಂದು ಬೇಡಿದ. ಅಷ್ಟರಲ್ಲಿ ತಡವಾಗಿತ್ತು, ಒಂಬತ್ತು ಯುವಕರು ಸತ್ತರು.

ಪಿಂಕ್‌ಪಾಪ್‌ನ ಜನರೂ ರಾಸ್ಕಿಲ್ಡ್‌ನ ಜನರೂ ಬೇರೆ ಬಗೆಯವರಲ್ಲ. ಮೆಚ್ಚಿದ ಹಾಡುಗಾರನ ಹತ್ತಿರ ಹೋಗಬೇಕೆಂಬ ಆಸೆ ಎರಡು ಕಡೆಯೂ ಒಂದೇ. ಆ ಆಸೆ ತಪ್ಪಲ್ಲ. ಗ್ರಂಜ್ ಹುಟ್ಟಿದ್ದೇ ಅದರಿಂದ. ಆದರೆ ಕ್ಲಬ್ಬಿನಲ್ಲಿ ಪಕ್ಕದವನು ಬಿದ್ದರೆ ಕಾಣಿಸುತ್ತಿತ್ತು, ಕೈಹಿಡಿದು ಎಬ್ಬಿಸಲು ಆಗುತ್ತಿತ್ತು. ಬಯಲಿನಲ್ಲಿ ಹಿಂದಿನಿಂದ ನೂಕುವವನಿಗೆ ಮುಂದೆ ಬಿದ್ದವನು ಕಾಣುವುದಿಲ್ಲ. ಅಭಿಮಾನಿ ನೆನಪಿಟ್ಟುಕೊಳ್ಳಬೇಕಾದ ಕಛೇರಿಗಳಲ್ಲಿ ರಾಸ್ಕಿಲ್ಡ್ ಕೂಡ ಒಂದು.