ತೊಡಕು ಬೇರೆ, ಗೊಂದಲ ಬೇರೆ

ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಅದರ ಕಂಬ, ತೋರಣಗಳ ಕೆತ್ತನೆಯಲ್ಲಿ ಕಣ್ಣು ಎಷ್ಟೇ ಅಲೆದರೂ ಮನಸ್ಸು ಕೊನೆಗೆ ಗರ್ಭಗುಡಿಯತ್ತಲೇ ಹೊರಳುತ್ತದೆ. ಅಲ್ಲಿ ತೊಡಕುಂಟು, ಗೊಂದಲವಿಲ್ಲ. ಪತ್ತೇದಾರಿ ಕಾದಂಬರಿಯಿಂದ ನಾವು ಬಯಸುವುದೂ ಇಷ್ಟನ್ನೇ.

ಎನ್. ನರಸಿಂಹಯ್ಯನವರ ಐನೂರಕ್ಕೂ ಮಿಕ್ಕ ಕಾದಂಬರಿಗಳಿಂದ ಈ ಓದಿನ ರುಚಿ ಹತ್ತಿಸಿಕೊಂಡ ಕನ್ನಡ ವಾಚಕರು ಆ ಪ್ರಕಾರದ ಮೂಲವನ್ನು ಅರಸಿ ಹೊರಟರೆ, ಫ್ರಾನ್ಸಿನ ಎಮಿಲ್ ಗಾಬೊರಿಯೋನನ್ನು ದಾಟಿ ಹೋಗುವಂತಿಲ್ಲ. 1869ರಲ್ಲಿ ಪುಸ್ತಕರೂಪ ತಳೆದ ಅವನ ‘ಮೊಸ್ಯೂ ಲಕಾಕ್’ ಬಹಳ ಆಸೆ ಹುಟ್ಟಿಸಿ, ಅಷ್ಟೇ ನಿರಾಶೆಗೊಳಿಸುವ ಕೃತಿ.

ಆರಂಭವೇನೋ ಸೊಗಸಾಗಿದೆ. ಪ್ಯಾರಿಸ್ಸಿನ ಅಂಚಿನ ಹೆಂಡದಂಗಡಿಯೊಂದರಲ್ಲಿ ಮೂವರ ಕೊಲೆಯಾಗುತ್ತದೆ. ಸೆರೆಸಿಕ್ಕವನು ತಾನೊಬ್ಬ ಜಾತ್ರೆಯ ಆಟಗಾರನೆನ್ನುತ್ತಾನೆ. ಮೇಲಧಿಕಾರಿಗೆ ಇದು ಬರಿಯ ಪುಂಡರ ಜಗಳ. ತರುಣ ಲಕಾಕನಾದರೋ ಹಿಮದ ಮೇಲಿನ ಹೆಜ್ಜೆಗಳನ್ನು ಓದಿ, ಇಬ್ಬರು ಹೆಂಗಸರು ಅಲ್ಲಿಂದ ತಪ್ಪಿಸಿಕೊಂಡರೆಂದು ತರ್ಕಿಸುತ್ತಾನೆ. ಬೇಕೆಂದೇ ಹೊರಬಿಟ್ಟ ಬಂದಿಯ ಬೆನ್ನು ಹತ್ತಿದರೆ, ಅವನು ಸೆರ್ಮ್ಯೂಜಿನ ಡ್ಯೂಕನ ಭವನದ ಗೋಡೆ ಹಾರಿ ಮಾಯವಾಗುತ್ತಾನೆ. ಹಾಗಾದರೆ ಆಟಗಾರನೇ ಡ್ಯೂಕನೆ?

ಎರಡನೆಯ ಸಂಪುಟ ತೆರೆದರೆ ನಾವು 1815ರಲ್ಲಿದ್ದೇವೆ! ನೆಪೋಲಿಯನ್ನನ ಪತನ, ಮರಳಿ ಬಂದ ಶ್ರೀಮಂತರು, ಹಳ್ಳಿಗರ ದಂಗೆ, ಪ್ರೇಮ, ವಿಷಪ್ರಯೋಗ, ಹಗೆ. ಹೆಸರುಗಳ ಸಂತೆಯಲ್ಲಿ ಓದುಗನು ದಾರಿ ತಪ್ಪುತ್ತಾನೆ. ಲಕಾಕ್ ಮತ್ತೆ ಕಾಣಸಿಗುವುದು ಕೊನೆಯ ಕೆಲವು ಪುಟಗಳಲ್ಲಿ. ಮೊದಲ ಸಂಪುಟದಲ್ಲಿ ಪತ್ತೇದಾರನೊಡನೆ ಹೆಜ್ಜೆ ಹುಡುಕುತ್ತಿದ್ದ ನಾವು, ಎರಡನೆಯದರಲ್ಲಿ ಕೈಕಟ್ಟಿ ಕುಳಿತ ಬರಿಯ ಕೇಳುಗರು. ರಹಸ್ಯವನ್ನು ಇಲ್ಲಿ ಯಾರೂ ಬಿಡಿಸುವುದಿಲ್ಲ, ಲೇಖಕನೇ ಹೇಳಿಬಿಡುತ್ತಾನೆ.

ಇದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಹೆಂಡದಂಗಡಿಯ ಕೊಲೆಗೆ ಸಿಕ್ಕಿಬಿದ್ದವನು ಡ್ಯೂಕನಾದರೆ ಕಾನೂನು ಅವನನ್ನು ಮುಟ್ಟೀತೆ? ಮೊದಲ ಸಂಪುಟ ಎತ್ತಿದ ನಿಜವಾದ ಪ್ರಶ್ನೆ ಇದೇ. ಗಾಬೊರಿಯೋ ಅದಕ್ಕೆ ಮುಖ ಕೊಡುವುದಿಲ್ಲ. ವಂಶದ ಮಾನ ಕಾಯಲು ಹೆಣಗಿದವನೆಂದು ಡ್ಯೂಕನನ್ನು ತೊಳೆದು ಶುದ್ಧಮಾಡಿ ಬಿಟ್ಟುಕೊಡುತ್ತಾನೆ. ಕಥೆಯ ಗೊಂದಲಕ್ಕಿಂತ ಈ ಜಾರಿಕೆ ಹೆಚ್ಚು ನೋಯಿಸುತ್ತದೆ.

1887ರಲ್ಲಿ ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸ್ ತನ್ನ ಮೊದಲ ಕಾದಂಬರಿಯಲ್ಲೇ ಲಕಾಕನನ್ನು ಹಳಿದ. ವಿನೋದವೆಂದರೆ, ಆ ಕಾದಂಬರಿಯೂ ನಡುವೆ ಲಂಡನ್ನನ್ನು ಬಿಟ್ಟು ಅಮೆರಿಕದ ಹಳೆಯ ಕಥೆಗೆ ಓಡುತ್ತದೆ. ಗುರುವನ್ನು ಜರೆದ ಶಿಷ್ಯನು ಗುರುವಿನ ದೋಷವನ್ನೂ ಕಲಿತಿದ್ದ.

ಆದರೂ ಮೊದಲ ಸಂಪುಟವನ್ನು ಓದಬೇಕು. ಓದುಗನಿಗೆ ಕೊಟ್ಟ ಮಾತು ಎಷ್ಟು ಬೆಲೆಯುಳ್ಳದ್ದೆಂಬುದು, ಅದು ಮುರಿದ ಕಡೆಯಲ್ಲಿಯೇ ಚೆನ್ನಾಗಿ ತಿಳಿಯುತ್ತದೆ.