ಉತ್ತರಪತ್ರಿಕೆ ರದ್ದಿಗೆ ಹೋಗುವ ಮುನ್ನ
(ಅಬ್ಬಿಗೇರಿಯ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿಕಾರರು ಕಿರ್ದಿ ಇಡುತ್ತೀರಿ. ಗಿರಣಿಯ ಹಾಜರಿ ಪುಸ್ತಕದಲ್ಲಿ ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿ ಹೋಯಿತು. ದಫ್ತರದ ಬೆಲೆಯನ್ನು ನಾವು ನಿಮಗೆ ಕಲಿಸಬೇಕಾಗಿಲ್ಲ. ಆದರೆ ಅಬ್ಬಿಗೇರಿಯಿಂದ ಗದಗಿಗೋ ಧಾರವಾಡಕ್ಕೋ ಓದಲು ಹೋದ ಮಗಳು ನಪಾಸಾದಳೆಂದರೆ, ಹಣೆಬರಹವೆಂದು ಸುಮ್ಮನಾಗುತ್ತೇವೆ. ಆ ಲೆಕ್ಕವನ್ನೇಕೆ ಕೇಳುವುದಿಲ್ಲ?

2005ರ ಮಾಹಿತಿ ಹಕ್ಕು ಕಾಯಿದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಅನ್ವಯ. ದಫ್ತರಗಳನ್ನು ಪಟ್ಟಿಮಾಡಿ, ಹುಡುಕಿದರೆ ಸಿಗುವಂತೆ ಇಡಬೇಕೆಂದು ಅದರ 4ನೆಯ ಕಲಮು ಹೇಳುತ್ತದೆ. ಪರೀಕ್ಷೆ ಬರೆದವರು ತಿದ್ದಿದ ತಮ್ಮ ಉತ್ತರಪತ್ರಿಕೆಯನ್ನು ನೋಡಬಹುದು, ನಕಲು ಪಡೆಯಬಹುದು ಎಂದು ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ತೀರ್ಪಿತ್ತಿತು. ತಿದ್ದಿದವರ ಹೆಸರನ್ನು ಮಾತ್ರ ಕೊಡುವುದಿಲ್ಲ. ಅದು ಸರಿಯೇ ಎಂದು, ಹಿಂದೆ ಮಾಸ್ತರಿಕೆ ಮಾಡಿದ ನಾವು ಹೇಳುತ್ತೇವೆ.

ಆದರೆ ಅದೇ ತೀರ್ಪಿನಲ್ಲಿ ಒಂದು ಮುಳ್ಳಿದೆ. ಸಂಸ್ಥೆಯ ನಿಯಮದಂತೆ ಪತ್ರಿಕೆಗಳನ್ನು ಎಷ್ಟು ದಿನ ಕಾಯ್ದಿಡಬೇಕೋ ಅಷ್ಟು ದಿನ ಮಾತ್ರ ಈ ಹಕ್ಕು. ಅವಧಿ ತೀರಿ ಪತ್ರಿಕೆ ರದ್ದಿಗೆ ಹೋದ ಮೇಲೆ ಕೇಳಿದರೆ ‘ಇಲ್ಲ’ ಎಂಬುದೇ ಕಾಯಿದೆಶೀರ ಉತ್ತರ. ಹತ್ತಿಯ ಸುಗ್ಗಿ ಮುಗಿಯಲಿ, ದೀಪಾವಳಿ ಕಳೆಯಲಿ ಎನ್ನುತ್ತ ಕೂತರೆ ಆಗದು. ಆ ಅವಧಿ ಎಷ್ಟೆಂಬುದನ್ನು ಫಲಿತಾಂಶದ ಜೊತೆಗೇ ಪ್ರತಿ ಕಾಲೇಜಿನ ಬಾಗಿಲಿಗೂ ಅಂಟಿಸಬೇಕು. ಇದು ನಮ್ಮ ಬೇಡಿಕೆ.

ಅರ್ಜಿಗೆ ಕರ್ನಾಟಕದಲ್ಲಿ 10 ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಗಡುವು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು. ಪತ್ರಿಕೆ ಬರೆದ ಮಗಳದೇ ಸಹಿ ಇರಲಿ. ಅರ್ಜಿ ಕೊಟ್ಟಲ್ಲಿ ತಾರೀಖು ಹಾಕಿದ ಪಾವತಿ ಇಸಿದುಕೊಳ್ಳಿ.