ಬೆರಳಿಗೆ ಬಿಟ್ಟ ಕೆಲಸ: ಕಾರಿನ ಪ್ಲಗ್ ಮನೆಯಲ್ಲೇ ಬದಲಿಸುವುದು



ದಾವಣಗೆರೆ ಸೀಮೆಯ ಲೋಕಿಕೆರೆಯಂಥ ಊರಿನಲ್ಲಿ ಕಾರು ಈಗ ಅಪರೂಪದ ವಸ್ತುವಲ್ಲ. ದಾವಣಗೆರೆಯ ಆಸ್ಪತ್ರೆಗೆ, ಮಾರುಕಟ್ಟೆಗೆ, ಹರಿಹರದ ನೆಂಟರ ಮನೆಗೆ ಅಂತ ಓಡಾಡುತ್ತಲೇ ಇರುತ್ತದೆ. ಅದೇ ಕಾರು ಒಂದು ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸ್ಟಾರ್ಟ್ ಆದರೂ ನಿಂತಲ್ಲೇ ನಡುಗುತ್ತದೆ. ಏರು ಬಂದರೆ ಪಿಕಪ್ ಇಲ್ಲ, ಜಗ್ಗಿ ಜಗ್ಗಿ ಓಡುತ್ತದೆ. ಗ್ಯಾರೇಜು ಪೇಟೆಯಲ್ಲಿ, ಕಾರು ಮನೆಯಂಗಳದಲ್ಲಿ. ಇಂಥ ತಕರಾರಿಗೆ ಕಾರಣ ಹಲವು ಇರಬಹುದು. ಅವುಗಳಲ್ಲಿ ಮೊದಲು ನೋಡಬೇಕಾದದ್ದು, ಮನೆಯಲ್ಲೇ ಸರಿಮಾಡಿಕೊಳ್ಳಬಹುದಾದದ್ದು, ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್. ಪೆಟ್ರೋಲ್ ಕಾರು, ಸಿಎನ್‌ಜಿ ಕಾರು ಇರುವವರಿಗೆ ಈ ಮಾತು. ಡೀಸೆಲ್ ಎಂಜಿನ್ನಿನಲ್ಲಿ ಬರೀ ಗಾಳಿಯನ್ನು ಒತ್ತಿದ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ, ಅಲ್ಲಿ ಕಿಡಿಯ ಗೊಡವೆಯೇ ಇಲ್ಲ.

ಪ್ಲಗ್ ಮಾಡುವ ಕೆಲಸ ಎಷ್ಟು ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಎರಡು ಸುತ್ತಿಗೆ ಒಂದು ಕಿಡಿ. ಅಂದರೆ ನಿಮಿಷಕ್ಕೆ, ಒಂದು ಕಿಲೋಮೀಟರಿಗೆ, ಪ್ರತಿ ಪ್ಲಗ್ಗಿನಲ್ಲಿ 1250 ಕಿಡಿ. ಕಾರು 40,000 ಕಿಲೋಮೀಟರ್ ಓಡುವ ಹೊತ್ತಿಗೆ ಒಂದೊಂದು ಪ್ಲಗ್ಗೂ ಐದು ಕೋಟಿ ಸಲ ಕಿಡಿ ಹಾರಿಸಿರುತ್ತದೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿಗೆ ಏರಿಸುತ್ತದೆ, ಆ ಒತ್ತಡಕ್ಕೆ ವಿದ್ಯುತ್ತು ಪ್ಲಗ್ಗಿನ ತುದಿಯ ಸಂದನ್ನು ಹಾರಿ ದಾಟುತ್ತದೆ. ಆ ಸಂದಿಗೇ ಗ್ಯಾಪ್ ಅನ್ನುವುದು. ಹಳೆಯ ಕಾರುಗಳಲ್ಲಿ ಮುಕ್ಕಾಲು ಮಿಲಿಮೀಟರಿನಷ್ಟು, ಹೊಸ ಕಾರುಗಳಲ್ಲಿ ಹೆಚ್ಚಾಗಿ ಒಂದು ಮಿಲಿಮೀಟರಿನ ಆಚೆಈಚೆ. ಪ್ರತಿ ಕಿಡಿಯೂ ತುದಿಯ ಲೋಹವನ್ನು ಕಣ್ಣಿಗೆ ಕಾಣದಷ್ಟು ತಿನ್ನುತ್ತದೆ. ಗ್ಯಾಪ್ ಅಗಲವಾದಷ್ಟೂ ಕಾಯಿಲ್ ಮೇಲೆ ಭಾರ ಬೀಳುತ್ತದೆ. ಒಂದು ದಿನ ಕಿಡಿ ತಪ್ಪತೊಡಗುತ್ತದೆ. ಮೆಕ್ಯಾನಿಕ್‌ಗಳು 'ಮಿಸ್ಸಿಂಗ್' ಅನ್ನುವುದು ಇದನ್ನೇ.

ಮಿಸ್ಸಿಂಗ್ ಇದ್ದರೂ ಓಡುತ್ತದಲ್ಲ ಅಂತ ಓಡಿಸಬಾರದು. ಉರಿಯದೆ ಉಳಿದ ಪೆಟ್ರೋಲು ಹೊಗೆಕೊಳವೆಗೆ ಹೋಗಿ ಅಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ, ಅದನ್ನು ಸುಟ್ಟು ಹಾಳುಮಾಡುತ್ತದೆ. ಆಗ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಖರ್ಚು ಹಲವು ಸಾವಿರಕ್ಕೆ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ದೀಪ ಮಿಟುಕಿದರೆ ಅದು ಈ ಎಚ್ಚರಿಕೆಯೇ.

ನಮ್ಮ ಕಡೆಯ ಹಿರಿಯರು ಪ್ಲಗ್ ಅಂದರೆ ಮೈಕೋ ಪ್ಲಗ್ ಅಂತಲೇ ಹೇಳುತ್ತಿದ್ದರು. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರಿನ ಮೊದಲಕ್ಷರಗಳಿಂದ ಬಂದದ್ದು ಮೈಕೋ. ಸ್ಕೂಟರು, ಜೀಪು, ಅಂಬಾಸಿಡರ್ ಎಲ್ಲಕ್ಕೂ ಹೆಚ್ಚಾಗಿ ಆ ಪ್ಲಗ್ಗೇ. ಮೈಕೋ ಜರ್ಮನಿಯ ಬಾಷ್ ಕಂಪನಿಯ ಬಳಗದ್ದು, ಈಗ ಹೆಸರೂ ಬಾಷ್ ಎಂದೇ ಆಗಿದೆ. 1902ರಲ್ಲಿ ಕಿಡಿಗೆ ವಿದ್ಯುತ್ತು ಹುಟ್ಟಿಸುವ ಹೈವೋಲ್ಟೇಜ್ ಮ್ಯಾಗ್ನೆಟೋ ಜೊತೆಗೆ ಸ್ಪಾರ್ಕ್ ಪ್ಲಗ್ಗನ್ನು ಮೋಟಾರು ಬಂಡಿಗೆ ಒಗ್ಗುವಂತೆ ಮಾಡಿದವನು ಆ ಜರ್ಮನ್ ಕಂಪನಿಯ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್. ಒಳಗೆ ಲೋಹದ ಸಲಾಕೆ, ಸುತ್ತ ಪಿಂಗಾಣಿ, ಹೊರಗೆ ತ್ರೆಡ್ ಇರುವ ಉಕ್ಕಿನ ಕವಚ: ಅಂದಿನಿಂದ ಇಂದಿನವರೆಗೆ ಪ್ಲಗ್ಗಿನ ಕಟ್ಟಣೆ ಇಷ್ಟೇ.

ಪ್ಲಗ್ ಕೊಳ್ಳುವಾಗ ಕಾರಿನ ಕೈಪಿಡಿ ತೆಗೆದು ಅದರಲ್ಲಿರುವ ನಂಬರನ್ನೇ ಕೇಳಿ. ಅಂಗಡಿಯವರು ಇದೂ ಕೂರುತ್ತದೆ ಅಂದರೆ ಒಪ್ಪಬೇಡಿ. ತ್ರೆಡ್ ಕೂತರೂ ಉದ್ದ ಬೇರೆಯಾದರೆ ಪಿಸ್ಟನ್ನಿಗೆ ತಾಗೀತು. ಕಾವು ತಾಳುವ ಅಳತೆ ಬೇರೆಯಾದರೆ ಮಸಿ ಕಟ್ಟೀತು, ಇಲ್ಲವೇ ತುದಿ ಕೆಂಪಗೆ ಕಾದು ಕಿಡಿಗೂ ಮೊದಲೇ ಪೆಟ್ರೋಲು ಹೊತ್ತೀತು. ಸಾಧಾರಣ ನಿಕ್ಕಲ್ ಪ್ಲಗ್ 30ರಿಂದ 40 ಸಾವಿರ ಕಿಲೋಮೀಟರ್ ಬಾಳುತ್ತದೆ. ಬೆಲೆ ಹೆಚ್ಚಿನ ಇರಿಡಿಯಂ ಪ್ಲಗ್ ಲಕ್ಷದವರೆಗೂ ಬರಬಹುದು. ಸಿಎನ್‌ಜಿ ಹೊತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕು, ಆ ಕಾರುಗಳಲ್ಲಿ ಪ್ಲಗ್ ಬೇಗ ಸವೆಯುತ್ತದೆ. ನಕಲಿ ಮಾಲೂ ಇದೆ, ಆದ್ದರಿಂದ ಬಿಲ್ಲು ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ರಾತ್ರಿಯೆಲ್ಲ ನಿಂತ ಕಾರಾದರೆ ಒಳ್ಳೆಯದು. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯುಮಿನಿಯಮ್ಮಿನದು. ಬಿಸಿಯಲ್ಲಿ ಬಿಚ್ಚಲು ಹೋದರೆ ಮೆತ್ತನೆಯ ಆ ತ್ರೆಡ್ಡು ಪ್ಲಗ್ಗಿನ ಜೊತೆಗೇ ಕಿತ್ತು ಬರಬಹುದು. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಡಿ. ಹಳೆಯ ಮಾರುತಿ 800 ಥರದ ಕಾರುಗಳಲ್ಲಿ ಪ್ರತಿ ಪ್ಲಗ್ಗಿಗೂ ಒಂದು ದಪ್ಪ ವೈರು ಬಂದಿರುತ್ತದೆ. ಅದನ್ನು ತಲೆಯ ರಬ್ಬರ್ ಬೂಟು ಹಿಡಿದು ಎಳೆಯಬೇಕು, ವೈರು ಹಿಡಿದು ಜಗ್ಗಬಾರದು. ಈಚಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಅದರ ಕ್ಲಿಪ್ಪು ಬಿಡಿಸಿ, ಬೋಲ್ಟು ತೆಗೆದು ಮೇಲಕ್ಕೆತ್ತಬೇಕು. ಒಂದು ಪ್ಲಗ್ ಬದಲಿಸಿ ಮುಗಿಸಿದ ಮೇಲೇ ಇನ್ನೊಂದಕ್ಕೆ ಕೈ ಹಾಕಿ. ಎಲ್ಲ ವೈರುಗಳನ್ನು ಒಮ್ಮೆಗೇ ಬಿಚ್ಚಿದರೆ ಅದಲುಬದಲಾಗುತ್ತವೆ, ಆಮೇಲೆ ಎಂಜಿನ್ ಸ್ಟಾರ್ಟೇ ಆಗದು.

ಪಾನಾ ಹಾಕುವ ಮುಂಚೆ ಇನ್ನೊಂದು ಕೆಲಸ ಇದೆ, ನಮ್ಮ ಸೀಮೆಯಲ್ಲಿ ಅದನ್ನು ಮರೆಯಲೇಬಾರದು. ಭತ್ತದ ಕೊಯ್ಲಿನ ಕಾಲದಲ್ಲಿ, ಮೆಕ್ಕೆಜೋಳ ರಸ್ತೆಯ ಮೇಲೆ ಹರವಿರುವ ದಿನಗಳಲ್ಲಿ ಓಡಾಡಿದ ಕಾರಿನ ಬಾನೆಟ್ ಎತ್ತಿ ನೋಡಿ: ಪ್ಲಗ್ ಕೂತ ಗುಂಡಿಯಲ್ಲಿ ದೂಳು, ಹೊಟ್ಟು, ಸಣ್ಣ ಹರಳು ತುಂಬಿರುತ್ತದೆ. ಪ್ಲಗ್ ತೆಗೆದ ಕೂಡಲೇ ಅದೆಲ್ಲ ಸೀದಾ ಸಿಲಿಂಡರಿನೊಳಕ್ಕೆ ಬೀಳುತ್ತದೆ. ಒಂದು ಹರಳು ಸಾಕು ಸಿಲಿಂಡರಿನ ಗೋಡೆಗೆ ಗೀರು ಬೀಳಲು. ಸೈಕಲ್ ಪಂಪಿನಿಂದ ಗುಂಡಿಗೆ ಚೆನ್ನಾಗಿ ಗಾಳಿ ಹೊಡೆದು, ಆಮೇಲೆ ಪ್ಲಗ್ ಪಾನಾ ಇಳಿಸಿ. ಹಳೆಯ ಪ್ಲಗ್ಗುಗಳಿಗೆ ಹೆಚ್ಚಾಗಿ 21ರ ಪಾನಾ, ಹೊಸವಕ್ಕೆ ಹೆಚ್ಚಾಗಿ 16ರದ್ದು ಬೇಕು. ಒಳಗೆ ರಬ್ಬರ್ ಇಲ್ಲವೇ ಅಯಸ್ಕಾಂತ ಇದ್ದರೆ ಪ್ಲಗ್ಗನ್ನು ಕಚ್ಚಿ ಹಿಡಿದು ಮೇಲೆ ತರುತ್ತದೆ.

ತೆಗೆದ ಹಳೆಯ ಪ್ಲಗ್ಗನ್ನು ಎಸೆಯಬೇಡಿ. ಯಾವುದು ಯಾವ ಸಿಲಿಂಡರಿನದು ಎಂದು ಸಾಲಾಗಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ನನ್ನ ಮಟ್ಟಿಗೆ ಈ ಕೆಲಸವನ್ನು ನಾವೇ ಮಾಡಿಕೊಳ್ಳುವುದರ ದೊಡ್ಡ ಲಾಭ ಇದೇ. ಎಂಜಿನ್ ಬಿಚ್ಚದೆ ಅದರ ಒಳಗಿನ ಸ್ಥಿತಿ ತಿಳಿಯುವುದು ಪ್ಲಗ್ಗಿನ ಮೂತಿಯಿಂದ. ಪಿಂಗಾಣಿಯ ತುದಿ ಹಾಲು ಹೆಚ್ಚಾದ ಚಹಾದ ಬಣ್ಣಕ್ಕಿದ್ದರೆ ಎಲ್ಲ ಸರಿಯಾಗಿದೆ. ಒಣಗಿದ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ; ಕಾರ್ಬುರೇಟರ್ ಇರುವ ಹಳೆಯ ಕಾರಾದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ಕೊಡವಿ ನೋಡಿ. ಎಣ್ಣೆಯ ಜಿಡ್ಡಿನಿಂದ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ. ತುದಿ ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತಿದೆ. ಮೂರು ಪ್ಲಗ್ ಚೆನ್ನಾಗಿದ್ದು ಒಂದು ಮಾತ್ರ ಬೇರೆ ಬಣ್ಣಕ್ಕಿದ್ದರೆ ದೋಷ ಆ ಒಂದು ಸಿಲಿಂಡರಿನಲ್ಲೇ ಇದೆ. ಗ್ಯಾರೇಜಿಗೆ ಹೋದಾಗ ಆ ಪ್ಲಗ್ಗುಗಳನ್ನು ಕಾಗದದಲ್ಲಿ ಸುತ್ತಿ ಒಯ್ದು ತೋರಿಸಿ. ಅನುಭವಸ್ಥ ಮೆಕ್ಯಾನಿಕ್ ಅವುಗಳನ್ನು ನೋಡಿಯೇ ಅರ್ಧ ಕಾಯಿಲೆ ಹೇಳುತ್ತಾರೆ.

ಹೊಸ ಪ್ಲಗ್ಗಿನ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆಯಿರಿ. ನಿಕ್ಕಲ್ ಪ್ಲಗ್ಗಾದರೆ ಹೊರಗಿನ ಕೊಂಡಿಯನ್ನು ನವಿರಾಗಿ ಬಗ್ಗಿಸಿ ಸರಿಮಾಡಬಹುದು. ಇರಿಡಿಯಂ ಪ್ಲಗ್ಗಿಗೆ ಕೈ ಹಚ್ಚಬೇಡಿ, ಅದರ ಸೂಜಿಯಂಥ ತುದಿ ಮುರಿಯುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ಗನ್ನು ಹಾಕಬೇಡಿ, ಪಿಂಗಾಣಿಯೊಳಗಿನ ಬಿರುಕು ಹೊರಗೆ ಕಾಣುವುದಿಲ್ಲ.

ಕೂರಿಸುವಾಗ ಅವಸರ ಸಲ್ಲದು. ಒಂದು ಗೇಣು ರಬ್ಬರ್ ಪೆಟ್ರೋಲ್ ಪೈಪು ತೆಗೆದುಕೊಳ್ಳಿ. ಪ್ಲಗ್ಗಿನ ತಲೆಯನ್ನು ಅದರ ಒಂದು ತುದಿಗೆ ಸಿಕ್ಕಿಸಿ, ಗುಂಡಿಯೊಳಗೆ ನೆಟ್ಟಗೆ ಇಳಿಸಿ, ಪೈಪನ್ನು ಎರಡು ಬೆರಳಲ್ಲಿ ಹಿಡಿದು ಮೊದಲು ಬಿಚ್ಚುವ ದಿಕ್ಕಿಗೆ ತುಸು ತಿರುಗಿಸಿ. ತ್ರೆಡ್ಡಿಗೆ ತ್ರೆಡ್ ಸೇರುವ ಜಾಗದಲ್ಲಿ ಟಕ್ ಎಂದು ಕೂತದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಪ್ಲಗ್ ಸರಿಯಾಗಿ ಹಿಡಿದಿದ್ದರೆ ಸಲೀಸಾಗಿ ಇಳಿಯುತ್ತದೆ. ಓರೆಯಾಗಿ ಹಿಡಿದಿದ್ದರೆ ಪೈಪು ಪ್ಲಗ್ಗಿನ ಮೇಲೇ ಜಾರುತ್ತದೆ, ಮುಂದೆ ಹೋಗುವುದಿಲ್ಲ. ರಬ್ಬರಿನ ಆ ಜಾರುವಿಕೆಯೇ ನಿಮ್ಮ ಎಂಜಿನ್ನನ್ನು ಕಾಪಾಡುವುದು. ಪಾನಾ ಹಾಕಿದ್ದರೆ ಓರೆಯಾಗಿದ್ದರೂ ಕೊರೆದುಕೊಂಡು ಒಳಗೆ ಹೋಗುತ್ತಿತ್ತು. ಬೆರಳಿನಲ್ಲಿ ತಿರುಗುವಷ್ಟೂ ತಿರುಗಿಸಿದ ಮೇಲೆ ಕೊನೆಗೆ ಪಾನಾ. ವಾಷರ್ ಇರುವ ಹೊಸ ಪ್ಲಗ್ಗಿಗೆ ಅರ್ಧ ಸುತ್ತಿನಿಂದ ಮೂರರಲ್ಲಿ ಎರಡು ಸುತ್ತು ಸಾಕು. ವಾಷರ್ ಇಲ್ಲದೆ ಬುಡ ಇಳಿಜಾರಾಗಿರುವ ಪ್ಲಗ್ಗಿಗೆ ಹದಿನಾರರಲ್ಲಿ ಒಂದು ಸುತ್ತು, ಅಷ್ಟೇ. ಟಾರ್ಕ್ ಪಾನಾ ಇದ್ದರೆ ಕೈಪಿಡಿಯ ಅಂಕಿಗೆ ಬಿಗಿ ಮಾಡಿ.

ತ್ರೆಡ್ಡಿನ ಬೆಲೆ ಹರಿಹರದವರಿಗೆ ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇಥ್ ಮಾಡಿ ಕಳಿಸಿತು. ಕಾರ್ಖಾನೆ ಮುಚ್ಚಿದೆ, ಆದರೆ ಅಲ್ಲಿನ ಯಂತ್ರಾಪುರದ ಮನೆಗಳಲ್ಲಿ ತ್ರೆಡ್ ಕೊಯ್ದು ಬದುಕು ಕಟ್ಟಿಕೊಂಡವರು ಎಷ್ಟೋ ಜನ. ಹೆಡ್ಡಿನ ತ್ರೆಡ್ ಹಾಳಾದರೆ ತೂತು ದೊಡ್ಡದು ಮಾಡಿ ಉಕ್ಕಿನ ಸುರುಳಿ ಕೂರಿಸಿ ಸರಿಮಾಡುವ ವಿದ್ಯೆ ಇದೆ. ಅದು ಕೈ ಪಳಗಿದವರ ಕೆಲಸ, ಅಂಗಳದ್ದಲ್ಲ. ಹಾಗೆಯೇ ಬಿಚ್ಚುವಾಗ ಪ್ಲಗ್ ಅಲುಗದಿದ್ದರೆ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಬೇಡಿ. ತ್ರೆಡ್ ಕೊನೆಯಾಗುವ ಜಾಗಕ್ಕೆ ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದೆರಡು ಗಂಟೆ ಕಾದು, ಬಿಗಿ ಮಾಡುವ ಕಡೆಗೊಮ್ಮೆ ಬಿಚ್ಚುವ ಕಡೆಗೊಮ್ಮೆ ಮೆಲ್ಲಗೆ ಆಡಿಸಿ. ಆಗಲೂ ಬಾರದಿದ್ದರೆ ಮೆಕ್ಯಾನಿಕ್ಕನ್ನು ಕರೆಯಿರಿ.

ಕಾಯಿಲ್ ಅಥವಾ ವೈರನ್ನು ಕ್ಲಿಕ್ ಎನ್ನುವವರೆಗೆ ಒತ್ತಿ ಕೂರಿಸಿ, ಬ್ಯಾಟರಿ ವೈರು ಜೋಡಿಸಿ ಸ್ಟಾರ್ಟ್ ಮಾಡಿ. ನಿಂತಲ್ಲಿ ಎಂಜಿನ್ ಸಮವಾಗಿ ಓಡಬೇಕು. ನಡುಕ ಉಳಿದಿದ್ದರೆ ಯಾವುದೋ ಒಂದು ಬೂಟು ಪೂರ್ತಿ ಕೂತಿಲ್ಲದಿರಬಹುದು, ಆಫ್ ಮಾಡಿ ಮತ್ತೆ ಒಂದೊಂದನ್ನೂ ಒತ್ತಿ ನೋಡಿ. ಆಮೇಲೂ ನಡುಗಿದರೆ ದೋಷ ಕಾಯಿಲ್ಲಿನಲ್ಲೋ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿನಲ್ಲೋ ಇರಬಹುದು. ಪ್ರತಿ ಪ್ಲಗ್ಗಿಗೂ ಕಾಯಿಲ್ ಇರುವ ಕಾರಾದರೆ ಕಿಡಿ ತಪ್ಪುವ ಸಿಲಿಂಡರಿನ ಕಾಯಿಲ್ಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ಹಾಕಿ. ದೋಷವೂ ಪಕ್ಕಕ್ಕೆ ಹೋದರೆ ಹೊಸ ಕಾಯಿಲ್ ತರಬೇಕು, ಹೋಗದಿದ್ದರೆ ಗ್ಯಾರೇಜಿನವರಿಗೆ ಇಂಜೆಕ್ಟರ್ ನೋಡಲು ಹೇಳಿ.